ಹದಿನೈದನೇ ನಂಬರಿನ ರಕ್ತ

ಮೊದಲ ಸಲ ಭೇಟಿಯಾದಾಗ ಇಬ್ಬರ ತೋಳಿಗೂ ಸೂಜಿ ಚುಚ್ಚಿತ್ತು. ಪ್ರೀತಿ ಹುಟ್ಟುವುದಕ್ಕೆ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ. ಬಿಳಿ ಗೋಡೆ, ಸ್ಪಿರಿಟ್ ವಾಸನೆ, ಪಕ್ಕಪಕ್ಕದಲ್ಲಿ ಎರಡು ಒರಗು ಕುರ್ಚಿ, ನಡುವೆ ಹತ್ತಿಯುಂಡೆಗಳ ಡಬ್ಬ.

ಅವನನ್ನು ಇಡೀ ಬಾಹ್ಯಾಕಾಶ ಕೇಂದ್ರ ಯಾತ್ರಿ ಎಂದೇ ಕರೆಯುತ್ತಿತ್ತು. ಇನ್ನು ಮೂರು ವಾರಕ್ಕೆ ರಾಕೆಟ್ ಏರಿ, ಆರು ತಿಂಗಳು ಮೇಲೆ ಇರಬೇಕಾದವನು. ಅವಳು ಅದೇ ಕೇಂದ್ರದ ರಕ್ತ ಪರೀಕ್ಷೆಯ ಲ್ಯಾಬಿನವಳು. ಅಕ್ಕ ಕರೆಯುವ ಗುಬ್ಬಿ ಎಂಬ ಹೆಸರು ಯಾವತ್ತೋ ಫೋನಿನ ಸ್ಪೀಕರಿನಿಂದ ಹೊರಬಿದ್ದು ಲ್ಯಾಬಿನವರೆಲ್ಲರ ಬಾಯಿಗೂ ಬಂದುಬಿಟ್ಟಿತ್ತು.

ನಿಜ ಹೇಳಬೇಕೆಂದರೆ ಅವಳು ಆ ಕುರ್ಚಿಯಲ್ಲಿ ಕೂರಬೇಕಾದವಳೇ ಅಲ್ಲ. ಪ್ರತಿ ಯಾತ್ರಿಗೂ ನೆಲದ ಮೇಲೆ ಒಬ್ಬ ಜೊತೆಗಾರ ಇರಬೇಕೆಂಬುದು ಅಲ್ಲಿನ ಕ್ರಮ. ಅದೇ ವಯಸ್ಸು, ಅಷ್ಟೇ ನಿದ್ದೆ, ಅಳೆದು ಕೊಟ್ಟ ಅದೇ ಊಟ, ಅದೇ ದಿನ ರಕ್ತ. ಕಾಲು ಮಾತ್ರ ನೆಲ ಬಿಡಬಾರದು. ಆಕಾಶ ಒಂದು ಮೈಗೆ ಏನು ಮಾಡಿತೆಂದು ತಿಳಿಯಲು ಸುಮ್ಮನೆ ಕೆಳಗಿದ್ದ ಇನ್ನೊಂದು ಮೈ ಬೇಕಲ್ಲ. ಅವನಿಗೆ ಗೊತ್ತುಮಾಡಿದ್ದ ಜೊತೆಗಾರ ಕೊನೇ ಗಳಿಗೆಯಲ್ಲಿ ಕೈಕೊಟ್ಟ. ವಯಸ್ಸು ಹೊಂದುವವರು ಯಾರಿದ್ದೀರೆಂದು ಹುಡುಕಿಕೊಂಡು ಬಂದವರು, ಮೈಕ್ರೋಸ್ಕೋಪಿನ ಮುಂದೆ ಕೂತಿದ್ದ ಗುಬ್ಬಿಯನ್ನು ಎಬ್ಬಿಸಿ ತಂದು ಕೂರಿಸಿದರು.

"ನಿಮ್ಮನ್ನ ಗುಬ್ಬಿ ಅಂತಾರಂತೆ?" ಎಂದು ಯಾತ್ರಿ ತಲೆ ಹೊರಳಿಸಿ ಕೇಳಿದ. "ಹೆಸರು ಅದಲು ಬದಲಾಗಿದೆ ಅನ್ಸುತ್ತೆ. ಹಾರೋನು ನಾನು."

"ನೀವೆಲ್ಲಿ ಹಾರ್ತೀರ? ನಿಮ್ಮನ್ನ ಎಸೀತಾರೆ," ಎಂದಳು ಅವಳು.

ಅವನು ನಕ್ಕ ನಗುವಿಗೆ ಸೂಜಿ ಅಲುಗಾಡಿ, ನರ್ಸಿನಿಂದ ಇಬ್ಬರಿಗೂ ಬೈಗುಳ ಬಿತ್ತು. ಬೈಸಿಕೊಂಡ ಮಕ್ಕಳ ಹಾಗೆ ಇಬ್ಬರೂ ಛಾವಣಿ ನೋಡುತ್ತ ಮಲಗಿದರು. ಸ್ವಲ್ಪ ಹೊತ್ತಿಗೆ ಅವಳು ಓರೆಗಣ್ಣಿನಲ್ಲಿ ನೋಡಿದರೆ, ಅವನೂ ಓರೆಗಣ್ಣಿನಲ್ಲೇ ನೋಡುತ್ತಿದ್ದ.

ಆಮೇಲೆ ಅವನು ಮೇಲೆ ಹೋದ. ಅಲ್ಲಿ ಅವನು ತನ್ನ ತೋಳಿಗೆ ತಾನೇ ಸೂಜಿ ಚುಚ್ಚಿಕೊಳ್ಳುವ ದಿನ ಇಲ್ಲಿ ಇವಳಿಗೂ ಸೂಜಿ. ಅಂಥ ದಿನಗಳಲ್ಲಿ ಅವನಿಂದ ಒಂದು ಸಾಲಿನ ಮೇಲ್ ಬರುತ್ತಿತ್ತು: ಇವತ್ತು ನಂದು ಎಡಗೈ, ನಿಮ್ಮದು? ಇವಳು ಬಲಗೈ ಎಂದು ಬರೆಯುತ್ತಿದ್ದಳು. ಇದನ್ನು ಪ್ರೇಮಪತ್ರ ಎಂದರೆ ಯಾರಾದರೂ ನಗಬಹುದು. ಅವಳು ಮಾತ್ರ ಆ ಒಂದೊಂದು ಸಾಲನ್ನೂ ಹತ್ತು ಹತ್ತು ಸಲ ಓದುತ್ತಿದ್ದಳು.

ಇಳಿದು ಬಂದಾಗ ಇಬ್ಬರು ಹಿಡಿದುಕೊಂಡರೆ ಮಾತ್ರ ನಿಲ್ಲುವ ಹಾಗಾಗಿದ್ದ. ಮೇಲಿದ್ದಷ್ಟು ದಿನವೂ ಮೈ ತನ್ನ ಕೆಂಪು ರಕ್ತಕಣಗಳನ್ನು ತಾನೇ ಹೆಚ್ಚು ಹೆಚ್ಚಾಗಿ ಒಡೆದುಕೊಂಡಿರುತ್ತದೆ. ಆ ಬಿಳುಚಿದ ಮುಖದಲ್ಲೂ ಕೀಟಲೆ ಹೋಗಿರಲಿಲ್ಲ. ವರ್ಣತಂತುಗಳ ತುದಿಗೆ ಒಂದು ಟೋಪಿ ಇರುತ್ತದೆ, ವಯಸ್ಸಾದಂತೆ ಅದು ಸವೆಯುತ್ತದೆ, ಆದರೆ ಮೇಲಿದ್ದವರಲ್ಲಿ ಉದ್ದವಾಗುತ್ತದೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು.

"ಅಂದ್ರೆ ಮೇಲೆ ನಾನು ಚಿಕ್ಕವನಾಗಿದ್ದೆ, ಅಲ್ವಾ?"

"ಇಳಿದ ತಕ್ಷಣ ಮೊದಲಿಗಿಂತ ಮೋಟಾಗುತ್ತೆ. ಈಗ ನೀವು ನನಗಿಂತ ಮುದುಕರು."

"ಮುದುಕ ಪರವಾಗಿಲ್ಲ ತಾನೆ?" ಎಂದು ಅವನು ಮೆಲ್ಲಗೆ ಕೇಳಿದ. ಅವಳು ಅವನ ತೋಳಿನ ಹತ್ತಿಯನ್ನು ತಾನೇ ಒತ್ತಿ ಹಿಡಿದುಕೊಂಡಳು. ಹತ್ತಿಗೆ ಅಷ್ಟು ಹೊತ್ತು ಹಿಡಿಯುವ ಅಗತ್ಯವೇನೂ ಇರಲಿಲ್ಲ.

ಅಲ್ಲಿಂದ ಮುಂದೆ ದಿನವೂ ಹನ್ನೊಂದು ಗಂಟೆಗೆ ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವಿನ ಮೆಟ್ಟಿಲಲ್ಲಿ ಹತ್ತು ನಿಮಿಷ ಸಿಗುವುದು ರೂಢಿಯಾಯಿತು. ಎಲ್ಲರೂ ಲಿಫ್ಟಿನಲ್ಲಿ ಓಡಾಡುವುದರಿಂದ ಆ ಮೆಟ್ಟಿಲು ಇವರದ್ದೇ ಮನೆಯಂತಿತ್ತು. ಅವನು ನೀವು ಬಿಟ್ಟು ನೀನು ಎನ್ನತೊಡಗಿದ. ಅಷ್ಟರಲ್ಲಿ ಅವನಿಗೆ ಎರಡನೇ ಹಾರಾಟದ ಸೀಟು ಸಿಕ್ಕಿತು. ಈ ಸಲ ಎಂಟು ತಿಂಗಳು. ಹನ್ನೆರಡು ವರ್ಷ ಇದೇ ಒಂದು ಹುಚ್ಚಿಗೆ ಮೈ ಸವೆಸಿದ್ದವನು. ಸುದ್ದಿಯನ್ನು ಅವನು ಮೊದಲು ಹೇಳಿದ್ದು ಅವಳಿಗೆ. ಅವಳು ನಿಜಕ್ಕೂ ಸಂತೋಷಪಟ್ಟಳು.

ಲ್ಯಾಬಿನಲ್ಲಿ ಇನ್ನೊಂದು ಕಟ್ಟುನಿಟ್ಟಿತ್ತು. ಟ್ಯೂಬಿನ ಮೇಲೆ ಹೆಸರಿಲ್ಲ, ನಂಬರು ಮತ್ತು ರಕ್ತ ತೆಗೆದ ದಿನಾಂಕ ಮಾತ್ರ. ಯಾವ ನಂಬರು ಯಾರದ್ದೆಂಬ ಪಟ್ಟಿ ಇದ್ದುದು ಒಬ್ಬರ ಬೀರುವಿನಲ್ಲಿ. ಆ ಹಿರಿಯ ಅಧಿಕಾರಿಗೆ ಎಲ್ಲರೂ ಕೀಲಿ ಮೇಡಂ ಎನ್ನುತ್ತಿದ್ದರು. ಯಾರ ರಕ್ತವೆಂದು ಗೊತ್ತಿದ್ದರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ ಎಂಬ ಭಯದಿಂದ ಮಾಡಿದ ವ್ಯವಸ್ಥೆ ಅದು. ಒಂದು ಮೇಜಿಗೆ ಒಂದೇ ಕೆಲಸ. ಗುಬ್ಬಿಯ ಮೇಜಿಗೆ ಬರುತ್ತಿದ್ದುದು ಬಿಳಿ ರಕ್ತಕಣಗಳ ನಾಲ್ಕಾರು ಜೀನುಗಳ ತುಣುಕು, ಅದರಲ್ಲಿ ಗಂಡೋ ಹೆಣ್ಣೋ ಎಂಬ ಗುರುತು ಕೂಡ ಉಳಿದಿರುತ್ತಿರಲಿಲ್ಲ. ಕೆಟ್ಟದ್ದೇನಾದರೂ ಕಂಡರೆ ಅದೇ ದಿನ ಚೀಟಿ ಬರೆದು ಕೀಲಿ ಮೇಡಂ ಕೈಗೆ ಕೊಡಬೇಕು.

ಒಬ್ಬೊಬ್ಬರ ನಾಲ್ಕೂ ಟ್ಯೂಬು ಕೂಡಿದ ಮೇಲೆಯೇ ಪರೀಕ್ಷೆ: ಹೋಗುವ ಮುಂಚಿನದು, ಮೇಲಿದ್ದಾಗಿನದು, ಇಳಿದಾಗಿನದು, ಇಳಿದು ಆರು ತಿಂಗಳಾದ ಮೇಲಿನದು. ಹಾರಾಟಕ್ಕೆ ಆರು ವಾರ ಉಳಿದಿದ್ದಾಗ ಹದಿನಾಲ್ಕು ಮತ್ತು ಹದಿನೈದು ಎಂಬ ಜೋಡಿ ಅವಳ ಮೇಜಿಗೆ ಬಂತು. ದಿನಾಂಕ ನೋಡಿದೊಡನೆ ಅವಳಿಗೆ ಯಾರದ್ದೆಂದು ತಿಳಿಯಿತು. ಎಡಗೈ, ಬಲಗೈ ಎಂದು ಮೇಲ್ ಬಂದ ದಿನಗಳನ್ನು ಅವಳು ಮರೆಯುವುದುಂಟೆ.

ಹದಿನಾಲ್ಕು ಶುಭ್ರವಾಗಿತ್ತು. ಹದಿನೈದರಲ್ಲಿ ಕೆಟ್ಟದ್ದು ಕಾದಿತ್ತು.

ಮೊದಲ ಟ್ಯೂಬಿನಲ್ಲಿ ನೂರಕ್ಕೆ ಎರಡು ಕಣ ಜೀನಿನಲ್ಲಿ ಒಂದು ತಪ್ಪು ಅಕ್ಷರ ಹೊತ್ತಿದ್ದವು. ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಏಳು, ನಾಲ್ಕನೆಯದರಲ್ಲಿ ಹನ್ನೊಂದು. ಆ ಹನ್ನೊಂದರಲ್ಲಿ ಕೆಲವು ಇನ್ನೊಂದು ಹೊಸ ತಪ್ಪನ್ನೂ ಕೂಡಿಸಿಕೊಂಡಿದ್ದವು. ಯಂತ್ರ ಕೆಟ್ಟಿರಬೇಕೆಂದು ಮತ್ತೆ ಓಡಿಸಿದಳು. ಯಂತ್ರ ಕೆಟ್ಟಿರಲಿಲ್ಲ.

ಇದು ಹಾರಿ ಬಂದವನ ರಕ್ತವೇ ಎಂದುಕೊಂಡಳು. ಮೇಲೆ, ಗಾಳಿಯ ಹೊದಿಕೆಯೇ ಇಲ್ಲದ ಕಡೆ, ಎಂದೋ ಸತ್ತ ನಕ್ಷತ್ರದಿಂದ ಹೊರಟ ಕಣವೊಂದು ಮೂಳೆಯನ್ನು ತೂರಿಕೊಂಡು ಹೋಗುತ್ತದೆ. ಹೋಗುವಾಗ ಡಿಎನ್‌ಎಯ ಎರಡೂ ಎಳೆಯನ್ನು ಕತ್ತರಿಸಿ ಹೋಗುತ್ತದೆ. ಜೀವಕೋಶ ಪಾಪ, ಕೂತು ಗಂಟು ಹಾಕುತ್ತದೆ. ಎಲ್ಲೋ ಒಂದು ಸಲ ಗಂಟು ತಪ್ಪುತ್ತದೆ. ಗಂಟು ತಪ್ಪಿದ ಆ ಜೀವಕೋಶ ಸಾಯದೆ ಮಜ್ಜೆಯಲ್ಲಿ ಸಂಸಾರ ಹೂಡುತ್ತದೆ, ಮಕ್ಕಳು ಮೊಮ್ಮಕ್ಕಳಾಗಿ ಹಬ್ಬುತ್ತದೆ, ಕೊನೆಗೆ ರಕ್ತದ ಕ್ಯಾನ್ಸರ್ ಆಗಿ ಕೂರುತ್ತದೆ. ಇದೆಲ್ಲ ಅವಳಿಗೆ ಬಾಯಿಪಾಠ. ಮೊದಲ ಟ್ಯೂಬಿನ ಎರಡು ಕಣಕ್ಕೂ ಅವಳ ಬಳಿ ಕಾರಣ ಸಿದ್ಧವಿತ್ತು: ಅದಕ್ಕೂ ಮುಂಚೆ ಅವನು ವರ್ಷಗಟ್ಟಲೆ ತುಂಬಾ ಎತ್ತರದಲ್ಲಿ ವಿಮಾನ ಹಾರಿಸಿದವನಲ್ಲವೆ.

ಮೆಟ್ಟಿಲಲ್ಲಿ ಹೇಳಿದಳು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ಅವನು ಸೇಬು ತಿನ್ನುತ್ತಿದ್ದ.

"ನಿಮ್ಮ ರಕ್ತದಲ್ಲಿ ಒಂದು ಕಂಡಿದೆ."

"ಪ್ರೀತಿ ತಾನೆ? ಅದು ಮೊದಲ ಟ್ಯೂಬಲ್ಲೇ ಇತ್ತು."

ಅವಳು ನಗದಿದ್ದುದನ್ನು ನೋಡಿ ಅವನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಎಲ್ಲವನ್ನೂ ಕೇಳಿಕೊಂಡ. ಈಗಲೇ ಹಿಡಿದರೆ ದಾರಿಯಿದೆ, ಇನ್ನೆಂಟು ತಿಂಗಳು ಮೇಲೆ ಕಳೆದರೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ ಎಂದು ಅವಳು ಹೇಳಿ ಮುಗಿಸಿದ ಮೇಲೆ ಅರ್ಧ ತಿಂದ ಸೇಬನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ನಂತರ ಕೇಳಿದ್ದು ಒಂದೇ ಮಾತು, ಚೀಟಿ ಕೊಟ್ಟಾಯಿತೇ ಎಂದು. ಇನ್ನೂ ಇಲ್ಲ ಎಂದಳು.

"ಹಾಗಾದ್ರೆ ಆರು ವಾರ ಸುಮ್ನಿದ್ಬಿಡು, ಗುಬ್ಬಿ. ನನಗೋಸ್ಕರ. ಹೋಗಿ ಬಂದ್ಮೇಲೆ ನೀನು ಹೇಳಿದ ಕಡೆ ಮಲಗ್ತೀನಿ, ಎಷ್ಟು ಸೂಜಿ ಬೇಕಾದ್ರೂ ಚುಚ್ಚಿಸ್ಕೋತೀನಿ."

"ಬರದೇ ಇದ್ರೆ?"

"ಹೋಗದೇ ಇದ್ರೆ ಬದುಕಿದ್ದೂ ಏನ್ ಮಾಡ್ಲಿ?"

ಅಲ್ಲಿ ಅವಳು ಇಲ್ಲ ಎನ್ನಬೇಕಿತ್ತು. ಬುದ್ಧಿ ಹಾಗೆಯೇ ಹೇಳಿತು. ಆದರೆ ಅವನ ಕಣ್ಣು ಬೇಡುತ್ತಿತ್ತು, ಪ್ರೀತಿಸಿದವಳಿಗೆ ಅದನ್ನು ನೋಡಿಯೂ ಬುದ್ಧಿಯ ಮಾತು ಕೇಳುವುದು ಆಗಲಿಲ್ಲ. ಬರೆದ ಚೀಟಿಯನ್ನು ಡ್ರಾಯರಿನಲ್ಲಿ ಕೈಗವಸುಗಳ ಪೆಟ್ಟಿಗೆಯ ಕೆಳಗೆ ಇಟ್ಟಳು.

ಮುಂದಿನ ದಿನಗಳಲ್ಲಿ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನನ್ನು ಕಾದಳು. ಅವನು ಕೆಮ್ಮಿದರೆ ಎದೆ ಹಾರಿತು. ಆಕಳಿಸಿದರೆ ಲೆಕ್ಕವಿಟ್ಟಳು. ಮೊಣಕೈಯ ಮೇಲೊಂದು ನೀಲಿ ಕಲೆ ಕಂಡ ದಿನ ಊಟ ಸೇರಲಿಲ್ಲ. ತರಬೇತಿಯಲ್ಲಿ ಬಡಿದದ್ದು ಎಂದು ಅವನು ಎಷ್ಟು ಹೇಳಿದರೂ ನಂಬಲಿಲ್ಲ. ಅವನೋ, ಗುಂಡುಕಲ್ಲಿನ ಹಾಗಿದ್ದ. ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದ. ಹಿಂದೆ ಬರುತ್ತಿದ್ದ ಇವಳೇ ಒಂದು ದಿನ ನಡುವೆ ಏದುಸಿರು ಬಿಡುತ್ತ ಕಂಬಿ ಹಿಡಿದು ನಿಂತಾಗ, ಅವನು ಇಳಿದು ಬಂದು, ಹೀಗೆ ನಿದ್ದೆಗೆಟ್ಟರೆ ನನಗಿಂತ ಮೊದಲು ನೀನೇ ಹೋಗಿಬಿಡುತ್ತೀ ಎಂದು ಛೇಡಿಸಿದ. ಇಬ್ಬರೂ ನಕ್ಕರು.

ದೂರದ ಊರಿನಲ್ಲಿದ್ದ ಅಕ್ಕ ವಿಡಿಯೋ ಕಾಲಿನಲ್ಲಿ ಮುಖ ನೋಡಿ ಸುಣ್ಣ ಬಳಿದಂತಿದೆಯಲ್ಲೇ ಎಂದು ಗದರಿದಳು. ಕೆಲಸ ಜಾಸ್ತಿ ಎಂದು ಗುಬ್ಬಿ ಮಾತು ಹಾರಿಸಿದಳು. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಕಂಡರೆ ಬ್ರಷ್ಷನ್ನು ಬೈದಳು. ಅವಳ ಚಿಂತೆಯೆಲ್ಲ ಇನ್ನೊಬ್ಬರ ಮೈಯಲ್ಲಿತ್ತು, ತನ್ನ ಮೈಯಲ್ಲಿ ಏನಾಗುತ್ತಿದೆ ಎಂದು ನೋಡಲು ಪುರುಸೊತ್ತೆಲ್ಲಿ.

ಹದಿನೆಂಟನೇ ದಿನ ಹೊಸ ಉಡುಪಿನ ಅಳತೆ. ಕೇಂದ್ರದವರೆಲ್ಲ ಫೋಟೋ ತೆಗೆದುಕೊಳ್ಳಲು ಮುಗಿಬಿದ್ದಿದ್ದರು. ಬಿಳಿ ಉಡುಪಿನೊಳಗಿನಿಂದ ಅವನು ಎಲ್ಲರ ತಲೆಗಳ ಮೇಲಿಂದ ಅವಳನ್ನು ಹುಡುಕಿ, ಹುಬ್ಬು ಹಾರಿಸಿ, ಹೇಗಿದ್ದೀನಿ ಎಂದು ಕಣ್ಣಲ್ಲೇ ಕೇಳಿದ. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ಅವಳು ಕರಗಿ ನೀರಾಗುತ್ತಿದ್ದಳು. ಅವತ್ತು ಉಡುಪಿನ ಪದರಗಳನ್ನು ಎಣಿಸಿದಳು. ಅಷ್ಟು ಪದರಗಳಲ್ಲಿ ಒಂದೂ ನಕ್ಷತ್ರದ ಆ ಕಣವನ್ನು ತಡೆಯುವುದಿಲ್ಲ. ಇವನನ್ನು ನಾನೇ ಸಿಂಗರಿಸಿ ಸಾವಿಗೆ ಕಳಿಸುತ್ತಿದ್ದೇನೆ ಎನಿಸಿ ಗುಂಪಿನಿಂದ ಹಿಂದೆ ಸರಿದಳು.

ಮರುದಿನ ಬೆಳಗ್ಗೆ ಚೀಟಿಯನ್ನು ಕೀಲಿ ಮೇಡಂ ಮೇಜಿನ ಮೇಲಿಟ್ಟಳು. ಅವನು ಇನ್ನು ತನ್ನ ಮುಖ ನೋಡುವುದಿಲ್ಲ ಎಂದು ಗೊತ್ತಿದ್ದೇ ಇಟ್ಟಳು.

ಮಧ್ಯಾಹ್ನ ಕರೆ ಬಂತು. ಕೀಲಿ ಮೇಡಂ ಬಾಗಿಲು ಹಾಕಿಸಿ ಕೂರಲು ಹೇಳಿದರು. ಪರೀಕ್ಷೆಯ ದಿನಾಂಕಕ್ಕೂ ಚೀಟಿ ಕೊಟ್ಟ ದಿನಕ್ಕೂ ಹತ್ತೊಂಬತ್ತು ದಿನದ ಅಂತರ ಯಾಕೆಂದು ಕೇಳಿದರು. ಬೈಗುಳಕ್ಕೆ ಸಿದ್ಧಳಾಗಿಯೇ ಬಂದಿದ್ದ ಗುಬ್ಬಿ ತಲೆ ತಗ್ಗಿಸಿ, ತಪ್ಪಾಯಿತು ಎಂದಳು.

"ಅವರಿಗೆ ಹಾರೋದು ಅಂದ್ರೆ ಪ್ರಾಣ ಮೇಡಂ. ಅದಕ್ಕೇ ಇಟ್ಕೊಂಡೆ."

"ಯಾರಿಗೆ?"

"ಹದಿನೈದನೇ ನಂಬರಿನವರಿಗೆ."

ಮೇಡಂ ಎದ್ದರು. ಮೂವತ್ತು ವರ್ಷ ಯಾರಿಗೂ ತೋರಿಸದ ಪಟ್ಟಿಯನ್ನು ಬೀರುವಿನಿಂದ ತೆಗೆದು, ಪುಟ ಹುಡುಕಿ, ಅವಳ ಕಡೆ ತಿರುಗಿಸಿ ಇಟ್ಟರು. ಹದಿನಾಲ್ಕರ ಎದುರು ಯಾತ್ರಿಯ ಸಂಖ್ಯೆ. ಹದಿನೈದರ ಎದುರು ಅವಳ ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯ ಸಂಖ್ಯೆ.

"ನೀನು ಕಣಮ್ಮ," ಎಂದರು ಮೇಡಂ.

ಎರಡು ನಂಬರು, ಇಬ್ಬರು ಮನುಷ್ಯರು. ತನ್ನ ಬೆರಳಿನಿಂದ ಒಂದು ಹನಿ ತೆಗೆದು ಅದೇ ಯಂತ್ರಕ್ಕೆ ಹಾಕಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅದು ಅವಳಿಗೆ ಹೊಳೆದಿರಲೇ ಇಲ್ಲ. ಕೆಟ್ಟದ್ದು ಆಗುವುದಿದ್ದರೆ ಹಾರಿದವನಿಗೇ ಆಗಬೇಕೆಂದು ಅವಳು ನಂಬಿದ್ದಳು. ವರ್ಷಗಟ್ಟಲೆ ಈ ಕೆಲಸ ಮಾಡಿದವರು ಮಾತ್ರ ಅಷ್ಟು ಗಟ್ಟಿಯಾಗಿ ನಂಬಲು ಸಾಧ್ಯ. ನೆಲದ ಮೇಲೆ ಕೂತವರ ಮಜ್ಜೆಯಲ್ಲೂ ಗಂಟು ತಪ್ಪುತ್ತದೆ, ಅದಕ್ಕೆ ಯಾವ ನಕ್ಷತ್ರವೂ ಬೇಕಿಲ್ಲ. ನಾಳೆ ಬೆಳಗ್ಗೆ ಹತ್ತಕ್ಕೆ ಮಜ್ಜೆ ತೆಗೆಸಲು ಆಸ್ಪತ್ರೆಯಲ್ಲಿ ಹೇಳಿದ್ದೇನೆ, ಒಂದು ದಿನವನ್ನೂ ಹಾಳುಮಾಡಬೇಡ ಎಂದರು ಮೇಡಂ. ಹತ್ತೊಂಬತ್ತು ದಿನ ಆಗಲೇ ಹಾಳಾಗಿತ್ತು.

ಮೆಟ್ಟಿಲಲ್ಲಿ ಅವನು ಕಾಯುತ್ತಿದ್ದ. ಚೀಟಿ ಕೊಟ್ಟೆ ಎಂದು ಬೆಳಗ್ಗೆ ಅವಳೇ ಅವನಿಗೆ ಒಂದು ಸಾಲಿನ ಮೇಲ್ ಕಳಿಸಿದ್ದಳು. ಮುಖ ಕಪ್ಪಿಟ್ಟಿತ್ತು.

"ಮಾತು ಕೊಟ್ಟಿದ್ದೆ ನೀನು," ಎಂದ. ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಹನ್ನೆರಡು ವರ್ಷವನ್ನು ಒಂದು ಚೀಟಿಯಲ್ಲಿ ಮುಗಿಸಿದೆ ಎಂದ, ನನ್ನ ಜೀವದ ಯಜಮಾನಿಕೆ ನಿನಗೆ ಕೊಟ್ಟವರು ಯಾರು ಎಂದ, ಇನ್ನೂ ಏನೇನೋ ಅಂದ. ಅವಳು ಎಲ್ಲ ಮುಗಿಯುವವರೆಗೆ ಕಾದಳು.

"ಅದು ನಿಮ್ಮ ರಕ್ತ ಅಲ್ಲ. ನಿಮ್ಮದು ಹದಿನಾಲ್ಕು. ನೀವು ಹಾರಬಹುದು."

ಅವನ ಮುಖ ಬೆಳಗಿತು. ಸುಳ್ಳಿಲ್ಲ, ದೀಪ ಹಚ್ಚಿದ ಹಾಗೆ ಬೆಳಗಿತು. ಒಂದು ಉಸಿರಿನಷ್ಟು ಹೊತ್ತು ಅಷ್ಟೇ. ಅವಳು ಅದನ್ನು ಪೂರ್ತಿ ನೋಡಿದಳು. ಆಮೇಲೆ ಅವನಿಗೆ ಹೊಳೆಯಿತು, ಹದಿನೈದು ಯಾರೆಂದು. ಕೈ ಚಾಚಿದ. ಅವಳು ಒಂದು ಮೆಟ್ಟಿಲು ಕೆಳಗಿಳಿದಳು.

"ನಾಳೆ ಹತ್ತಕ್ಕೆ ನಿಮ್ಮ ಅಣಕು ಹಾರಾಟ ಇದೆ. ತಪ್ಪಿಸಬೇಡಿ. ನಂದು ಆಸ್ಪತ್ರೆಯಲ್ಲಿ, ಅದೇ ಹೊತ್ತಿಗೆ. ನಾನೊಬ್ಬಳೇ ಹೋಗ್ಬಲ್ಲೆ."

ಅದು ಹಾರಾಟಕ್ಕೆ ಮುಂಚಿನ ಕೊನೆಯ ಪರೀಕ್ಷೆ. ತಂಡದವರೆಲ್ಲ ನೌಕೆಯ ಮಾದರಿಯೊಳಗೆ ಒಟ್ಟಿಗೆ ಕೂರಬೇಕು; ಒಬ್ಬ ಬರದಿದ್ದರೆ ಅವನ ಸೀಟು ಅಲ್ಲೇ ಬದಲಿಯವನಿಗೆ ಹೋಗುತ್ತದೆ, ಎರಡನೇ ಅವಕಾಶವಿಲ್ಲ. ಅವಳು ಹಿಂತಿರುಗಿ ನೋಡದೆ ಇಳಿದು ಹೋದಳು.

ಮರುದಿನ ಆಸ್ಪತ್ರೆಯ ಮಂಚದ ಮೇಲೆ ಬಾಗಿಲಿನ ಕಡೆ ಮುಖ ಮಾಡಿ, ಮೊಣಕಾಲು ಮಡಚಿ ಮಲಗಿದ್ದಳು. ಅಕ್ಕನ ರೈಲು ಸಂಜೆಗೆ. ಜೊತೆಗೆ ಯಾರಿದ್ದಾರೆ ಎಂದು ಡಾಕ್ಟರು ಕೇಳಿದರು, ಯಾರೂ ಇಲ್ಲ ಎಂದಳು. ಸೊಂಟದ ಮೂಳೆಯ ಮೇಲೆ ಮರಗಟ್ಟುವ ಮದ್ದು ಕೊಟ್ಟರು. ಗಡಿಯಾರ ಹತ್ತು ತೋರಿಸಿತು, ಹತ್ತೂ ಐದು ತೋರಿಸಿತು. ಈಗ ಅವನಿಗೆ ಬೆಲ್ಟು ಬಿಗಿಯುತ್ತಿರುತ್ತಾರೆ ಎಂದುಕೊಂಡಳು. ಹೋಗಲಿ, ಒಬ್ಬರಾದರೂ ಚೆನ್ನಾಗಿರಲಿ ಎಂದುಕೊಂಡಳು. ಮನಸ್ಸು ಒಪ್ಪಲಿಲ್ಲ.

ಹತ್ತೂ ಇಪ್ಪತ್ತಕ್ಕೆ ಬಾಗಿಲು ತೆರೆಯಿತು. ಮಲಗಿದ್ದವಳಿಗೆ ಮೊದಲು ಕಂಡದ್ದು ತರಬೇತಿಯ ದಪ್ಪ ಬೂಟು, ಅದರ ಮೇಲೆ ನೀಲಿ ಉಡುಪಿನ ಅಂಚು. ಅವನು ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಮುಖವನ್ನು ಅವಳ ಮುಖದ ಮಟ್ಟಕ್ಕೆ ತಂದ. ಬೆವೆತು ತೊಪ್ಪೆಯಾಗಿದ್ದ.

"ಕೂತಿದ್ದೆ. ಬೆಲ್ಟೂ ಹಾಕಿದ್ರು," ಎಂದ. "ಬಿಚ್ಚಿಸ್ಕೊಂಡು ಬಂದೆ."

"ನಿನಗೇನು ತಲೆ ಕೆಟ್ಟಿದೆಯಾ?" ಅವಳಿಗೆ ಸಿಟ್ಟೇ ಬಂತು. "ಹನ್ನೆರಡು ವರ್ಷ ಕಾದಿದ್ದು ಇದಕ್ಕಾ?"

"ನಾನು ಹಾರಬಹುದು ಅಂತ ನಿನ್ನೆ ನೀನು ಅಂದಾಗ ನಂಗೆ ಖುಷಿ ಆಯ್ತು. ನೀನು ಅದನ್ನ ನೋಡ್ದೆ. ಆ ಮುಖ ಹೊತ್ಕೊಂಡು ನಾನೆಲ್ಲಿಗೆ ಹಾರ್ಲಿ, ಹೇಳು?" ಅವನು ಇನ್ನಷ್ಟು ಹತ್ತಿರ ಸರಿದ. "ಸುಮ್ನಿರು ಅಂದವನು ನಾನು. ನಿನ್ನ ಹತ್ತೊಂಬತ್ತು ದಿನ ತಿಂದವನು ನಾನು. ಬೈಯಿ ಬೇಕಾದ್ರೆ. ಹೋಗು ಅಂತ ಮಾತ್ರ ಅನ್ಬೇಡ."

ಅವಳು ಬೈಯಬೇಕೆಂದು ಬಾಯಿ ತೆರೆದಳು. ಬಂದದ್ದು ಅಳು. ಎಷ್ಟು ದಿನದ್ದೋ, ಯಾರ ಸಲುವಾಗಿ ಹಿಡಿದಿಟ್ಟದ್ದೋ, ಎಲ್ಲ ಒಟ್ಟಿಗೆ ಬಂತು. ಅವನ ಕಾಲರನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅತ್ತಳು.

"ನಿನ್ನ ಸೀಟು ಹೋಯ್ತಲ್ಲ," ಎಂದಳು ಬಿಕ್ಕುತ್ತ. "ಅದಕ್ಕೆ ನಂಗೆ ಖುಷಿ ಆಗ್ತಿದೆ ಕಣೋ. ನಿನ್ನೆ ನಿನಗಾದಷ್ಟೇ. ನಾನೇನು ನಿನಗಿಂತ ಒಳ್ಳೆಯವಳಲ್ಲ."

"ಸದ್ಯ," ಎಂದ ಅವನು, ಅವಳ ಹಣೆಗೆ ಹಣೆ ಹಚ್ಚಿ. "ಒಳ್ಳೆಯವಳ ಜೊತೆ ಬಾಳೋದು ಹೇಗೆ ಅಂತ ಹೆದರಿದ್ದೆ."

"ನಂಗೆ ತುಂಬಾ ಭಯ ಆಗ್ತಿದೆ."

"ನಂಗೂ. ಇಲ್ಲೇ ಇರ್ತೀನಿ."

ಮುಗಿಯಿತೇ ಎಂದು ಹಿಂದಿನಿಂದ ಡಾಕ್ಟರು ಕೇಳಿದರು. ಇನ್ನು ಮೂರು ನಿಮಿಷ ಎಳ್ಳಷ್ಟೂ ಅಲುಗಾಡಬಾರದು, ಮದ್ದು ಕೊಟ್ಟಿದ್ದರೂ ಮೂಳೆಯೊಳಗಿನಿಂದ ಎಳೆಯುವಾಗ ನೋಯುತ್ತದೆ, ಫಲಿತಾಂಶಕ್ಕೆ ಹತ್ತು ದಿನ ಬೇಕು ಎಂದರು. ಅವಳು ತಲೆಯಾಡಿಸಿ ಅವನ ಕೈಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಸೂಜಿ ಒಳಗಿಳಿಯಿತು. ನೋವಿಗೆ ಅವಳ ಉಗುರು ಅವನ ಅಂಗೈಗೆ ನಾಟಿದರೂ ಅವನು ಕೈ ಬಿಡಿಸಿಕೊಳ್ಳಲಿಲ್ಲ.